ಹನ್ನೊಂದಕ್ಕೆ ಹನ್ನೆರಡು

ಮೊದಲು ಖಾಲಿ ಕಡತ ಕೊಟ್ಟೆ.
ಏನೂ ಇಲ್ಲದ್ದನ್ನು ಓದಿ ಏನು ಹೇಳುತ್ತೀ, ಹೇಳು.
ಅದು ಆರು ಅಂಕಿ ಹೇಳಿತು, ಸರಾಗವಾಗಿ,
ಕೇಳದಿದ್ದರೂ ಭವಿಷ್ಯ ನುಡಿಯುವವರ ಹಾಗೆ.
ಬರೆದುಕೊಂಡೆ: ದೋಷ ಒಂದು.

ಆಮೇಲೆ ಇಲ್ಲದ ಕಡತದ ದಾರಿ ತೋರಿಸಿದೆ.
ಆಮೇಲೆ ಸಾಲಿನ ಕೊನೆಗೆ
ಕಣ್ಣಿಗೆ ಕಾಣದ ಒಂದು ತೆರಪು ಬಿಟ್ಟೆ,
ಅಕ್ಕಿಯಲ್ಲಿ ಬಿಳಿ ಕಲ್ಲು ಬೆರೆಸಿದ ಹಾಗೆ.
ಸೊನ್ನೆ ಬರೆದೆ, ಒಂದು ಬರೆದೆ, ಎಂಟು ಬರೆದೆ.
ಈ ಲಿಪಿಯೊಳಗೆ ಆ ಮೂವರಿಗೂ ಪ್ರವೇಶವಿಲ್ಲ:
ಸೊನ್ನೆಗೆ ಓ ಮುಖ, ಒಂದಕ್ಕೆ ಐ ಮುಖ, ಎಂಟಕ್ಕೆ ಬಿ ಮುಖ,
ಹೋಲಿದ ತಪ್ಪಿಗೆ ಗಡೀಪಾರು.
ಒಂಬತ್ತು ಪಾಪ
ಯಾರನ್ನೂ ಹೋಲದೆಯೂ ಹೊರಗೆ.

ಕಡೆಗೆ ಕಡತದ ಬಾಗಿಲು ಹಾರು ಹೊಡೆದಿಟ್ಟೆ,
ಬಂದವರೆಲ್ಲ ಓದಲಿ ಎಂಬಂತೆ.
ಒಳ್ಳೆಯ ತಂತ್ರಾಂಶ ಇಲ್ಲಿ ಒಲ್ಲೆ ಅನ್ನಬೇಕು:
ಎಲ್ಲರೂ ಓದಬಲ್ಲದ್ದನ್ನು
ಗುಟ್ಟೆಂದು ನಾನು ಓದಲಾರೆ.
ಅಂದಿತು, ಹಾಗೆಯೇ ಅಂದಿತು!
ಆ ಒಂದು ಸಾಲಿಗಾಗಿ ವೆಂಡೆಲೀನನಿಗೆ
ಮನಸ್ಸಿನಲ್ಲೇ ಒಂದು ಕಾಫಿ ಕೊಡಿಸಿದೆ.

ಬರ್ನೋ ಪಟ್ಟಣ, ಫೆಬ್ರವರಿ, ನಾಲ್ಕನೇ ಮಹಡಿ.
ಕೆಳಗೆ ಕೊಳೆತ ಹಿಮವನ್ನು ಸೀಳಿಕೊಂಡು ಟ್ರಾಮು.
ಮಾದರಿ ಕಡತಗಳು ಹದಿನೇಳು,
ಎಲ್ಲವೂ ಜಗತ್ತಿಗೇ ಗೊತ್ತಿರುವ ಗುಟ್ಟುಗಳು,
ನಾಟಕದ ಕತ್ತಿಗಳು, ಕುಯ್ಯಲಾರವು.

ಹದಿಮೂರನೆಯದು ಕುಯ್ದಿತು.
ತಲೆಬರಹದಲ್ಲಿ ಅವನದೇ ಹೆಸರು,
ವೆಂಡೆಲೀನ್ ಕುಚೇರಾ, ಉಳಿತಾಯ ಖಾತೆ.
ಯಾವ ನಡುರಾತ್ರಿಯ ಅವಸರವೋ,
ಕೈಗೆ ಸಿಕ್ಕಿದ ಕೀಲಿ ಅವನದೇ ಆಗಿತ್ತು.
ನಾಲ್ಕು ಸೊನ್ನೆ ಏಳು, ಏಳು ಒಂದು ಎರಡು.
ಈ ಆರು ಅಂಕಿ ಈ ಊರಿನಲ್ಲಿ ಎಲ್ಲೋ
ನಿಜದ ಬೀಗದ ಮುಂದೆ ನಿಂತಿವೆ.
ಪರದೆಗೆ ಅಂಗೈ ಅಡ್ಡ ಹಿಡಿದೆ,
ಗೊತ್ತಿಲ್ಲದೆ ಸ್ನಾನದಮನೆಯ ಬಾಗಿಲು ತಳ್ಳಿದವಳ ಹಾಗೆ.

ಮೂವತ್ತು ಸೆಕೆಂಡು ಕಾದೆ, ಹಳಸಲಿ ಎಂದು.
ಹಳಸಿತು. ಅದೇ ಜಾಗಕ್ಕೆ ಬಿಸಿಬಿಸಿ ಇನ್ನೊಂದು ಬಂತು.
ಒಲೆಯೇ ನನ್ನ ಬಳಿ ಇರುವಾಗ
ಅನ್ನ ಹಳಸಿದರೇನು!

ಅಷ್ಟರಲ್ಲಿ ಗುಡ್ಡದ ಮೇಲಿನ ಚರ್ಚಿನ ಗಂಟೆ.
ಹೊತ್ತು ಹನ್ನೊಂದು. ಬಡಿದದ್ದು ಹನ್ನೆರಡು.
ಎಂದೂ ಹಾಗೆಯೇ ಇಲ್ಲಿ.
ಸ್ವೀಡನ್ನಿನ ದಂಡು ಊರಿಗೆ ಮುತ್ತಿಗೆ ಹಾಕಿ,
ಮಧ್ಯಾಹ್ನದೊಳಗೆ ಗೆಲ್ಲದಿದ್ದರೆ ಹೊರಟೆವು ಎಂದಿತಂತೆ;
ಊರವರು ಒಂದು ಗಂಟೆ ಮೊದಲೇ
ಮಧ್ಯಾಹ್ನ ಬಾರಿಸಿಬಿಟ್ಟರಂತೆ.
ಇಡೀ ಊರು ಕೂಡಿ ಕಾಪಾಡಿದ ಸುಳ್ಳು,
ಒಬ್ಬನೂ ಬಾಯಿ ಬಿಡಲಿಲ್ಲ.
ನನ್ನ ಯಂತ್ರಕ್ಕೋ ಎರಡು ನಿಮಿಷ ಮುಂದೋಡಿದರೂ
ಯಾವ ಬಾಗಿಲೂ ತೆರೆಯುವುದಿಲ್ಲ.

ಎದ್ದು ಹೋಗಿ ಅವನ ಮೇಜಿನ ಬಳಿ
"ಹದಿಮೂರು" ಅಂದೆ. ಅಷ್ಟೇ.
ಕಿವಿ ಮೊದಲು ಕೆಂಪಾದವು, ಆಮೇಲೆ ಕುತ್ತಿಗೆ.
"ನೋಡಿದೆಯಾ?"
"ನೋಡಿದೆ."
ಅವನು ಕೀಲಿ ಬದಲಿಸುವವರೆಗೆ ಕಿಟಕಿಯತ್ತ ತಿರುಗಿ ನಿಂತೆ.
ವರದಿಯಲ್ಲಿ ಬರೆದೆ: ಮಾದರಿ ಬದಲಿಸಲಾಗಿದೆ.
ಯಾರ ಹೆಸರೂ ಇಲ್ಲ.
ಆ ಆರು ಅಂಕಿ ನನಗೆ ಇಂದಿಗೂ ನೆನಪಿವೆ,
ಯಾವುದಕ್ಕೂ ಬಾರದವು,
ಸತ್ತ ಸಂಬಂಧಿಯ ಫೋನ್ ನಂಬರಿನ ಹಾಗೆ.

ಮರುದಿನ ಹನ್ನೊಂದಕ್ಕೆ ಇಬ್ಬರೂ ಚೌಕಕ್ಕೆ ಹೋದೆವು.
ಅಲ್ಲಿಯ ಕರಿಕಲ್ಲಿನ ಗಡಿಯಾರ
ಸಮಯ ಹೇಳುವುದು ಯಾರಿಗೂ ಅರ್ಥವಾಗುವುದಿಲ್ಲ,
ದಿನಕ್ಕೊಂದು ಗಾಜಿನ ಗೋಲಿ ಉದುರಿಸುವುದು ಮಾತ್ರ ಎಲ್ಲರಿಗೂ ಗೊತ್ತು.
ನಾಲ್ಕು ತೂತು. ತೋಳುದ್ದ ಕೈ ತೂರಿಸಿ ನಿಂತೆವು,
ನಾನು, ಅವನು, ಒಬ್ಬಳು ಹೂ ಮಾರುವವಳು,
ಕೈಗವಸು ಬಾಯಲ್ಲಿ ಕಚ್ಚಿಕೊಂಡ ಒಬ್ಬ ಹುಡುಗ.
ಒಳಗೆ ಕಲ್ಲು ತಣ್ಣಗಿತ್ತು.

ಹುಡುಗನಿಗೆ ಸಿಕ್ಕಿತು.
"ಯಾವ ಬಣ್ಣವೋ?" ಎಂದು ಹೂವಿನವಳು ಕೇಳಿದಳು.
ಅವನು ಮುಷ್ಟಿಯನ್ನು ಜೇಬಿಗಿಳಿಸಿ
ಟ್ರಾಮಿನತ್ತ ಓಡಿದ.