ಮೂರನೇ ಮಹಡಿಯ ಬಾಲ್ದಿ

ಮನಾಮಾದ ಗುದೈಬಿಯಾದಲ್ಲಿ, ಲಾಂಡ್ರಿಯ ಮೇಲೆ,
ಮುನ್ನೂರ ನಾಲ್ಕನೇ ನಂಬರಿನ ಕೋಣೆ.
ಕೀಲಿ ನನ್ನ ಸೊಂಟದಲ್ಲಿ.
ನಾನು ಆ ಕಟ್ಟಡದ ನಾತೂರ್, ಕಾವಲಿನವ;
ಊರು ಹೆಜಮಾಡಿ, ಕುಲಕಸುಬು ಕಡಲಲ್ಲೇ ಉಳಿಯಿತು.

ಲುಡಿವಿನಾ ಟೀಚರು ಬಂದದ್ದು ರಮ್ಜಾನಿನ ಹಿಂದಿನ ವಾರ.
ಬ್ಯಾಂಕೊಂದು ಹರಾಜಿಗಿಟ್ಟ ನಾಲ್ಕು ಕಂಪ್ಯೂಟರು
ಟ್ಯಾಕ್ಸಿಯ ಡಿಕ್ಕಿಯಲ್ಲಿ, ಹೂವಿನ ಚಾದರ ಸುತ್ತಿಕೊಂಡು.
ಲಿಫ್ಟು ಆಗಲೂ ಕೆಟ್ಟಿತ್ತು. ಹೊತ್ತವನು ನಾನು.
ಅವರು ಬೆವರೊರೆಸಿಕೊಂಡು "ಸಲಾಮತ್ ಪೊ" ಅಂದರು.
ಸಲಾಮತ್ ಗೊತ್ತು, ನಮ್ಮ ಮಾಲಿಕರ ಬಾಯಲ್ಲಿ ಅದು ಕ್ಷೇಮ.
ಪೋ ಅಂದರೆ ನನ್ನ ತುಳುವಿನಲ್ಲಿ ಹೋಗು.
ಇಷ್ಟು ಹೊತ್ತು ತಂದವನಿಗೆ ಹೋಗು ಅನ್ನುವುದೆ?
ಮುಖ ಊದಿಸಿಕೊಂಡು ಇಳಿದೆ.
ಅದು ಅವರ ಥ್ಯಾಂಕ್ಸು, ಪೊ ಅಂದರೆ ಬರೇ ಮರ್ಯಾದೆ ಎಂದು
ಲಾಂಡ್ರಿಯ ಬೆನಿಗ್ನೊ ತಿಳಿಸುವಾಗ ಎರಡು ವಾರ ಕಳೆದಿತ್ತು.

ಇಲೊಯ್ಲೊ ಎಂಬಲ್ಲಿ ಅಕ್ಕಿ ಮಂಡಿಯ ಅಟ್ಟದಲ್ಲಿ
ಅವರ ಸೋದರತ್ತೆ ಎರಡು ಟೈಪ್‌ರೈಟರಿಟ್ಟು
ಸುರು ಮಾಡಿದ ಶಾಲೆಯಂತೆ. ಕಡಲು ದಾಟಿದ ಅದರ
ಮೊದಲ ಕೋಣೆ ಇದು.

ತರಗತಿ ಶುಕ್ರವಾರ ಮಾತ್ರ. ಸಲೂನಿನ ಹುಡುಗಿಯರು,
ಕ್ರೇನು ಓಡಿಸುವವನೊಬ್ಬ, ಮನೆಗೆಲಸದವರು.
ಹೆರ್ಮಿನಿಯಾಳ ಬೆರಳು ಬ್ಲೀಚಿನಿಂದ ಸಿಪ್ಪೆ ಏಳುತ್ತಿತ್ತು,
ನೋಟುಪುಸ್ತಕಕ್ಕೆ ಯಾರದೋ ಮಗುವಿನ ಪೌಡರಿನ ವಾಸನೆ.
ಮಗ್ರಿಬಿನ ಬಾಂಗಿಗೆ ಅರ್ಧ ಕೋಣೆ ಖಾಲಿ:
ಮೇಡಮ್ಮಂದಿರ ಗೇಟು ಬೀಳುವ ಹೊತ್ತು.

ಒಂದು ದಿನ ಏಸಿ ಸೋರಿ ಸರ್ವರಿನ ಮೇಲೇ ಹನಿ.
"ಬಾಲ್ದೆ! ಬಾಲ್ದೆ!" ಟೀಚರು ಕೂಗಿದರು.
ಕೈಸನ್ನೆಗೆ ಮೊದಲೇ ತಂದಿಟ್ಟೆ.
ನಮ್ಮಲ್ಲೂ ಅದು ಬಾಲ್ದಿಯೇ ಟೀಚರೇ.
ಆಮೇಲೆ ಎಣಿಸಿದೆವು, ಸಾಬೂನಿಗೆ ಸಬೋನು, ಮೇಜಿಗೆ ಮೇಸಾ.
ಯಾವನೋ ಹಡಗಿನವನು ಎರಡೂ ಕರಾವಳಿಗೆ
ಒಂದೇ ಸಾಮಾನು ಇಳಿಸಿ ಹೋಗಿದ್ದಾನೆ.

ನೆಟ್‌ವರ್ಕ್ ಎಂದು ಬೋರ್ಡಿನಲ್ಲಿ ಬರೆದ ದಿನ
ಬಾಗಿಲಲ್ಲೇ ನಿಂತು ಕೇಳಿದೆ, ಬಲೆಯೆ? ಯಾವ ಮೀನಿಗೆ?
ನಗಲಿಲ್ಲ ಅವರು. ಒಂದು ವಯರು ಕೊಟ್ಟರು,
ಒಳಗೆ ಎಂಟು ಎಳೆ. ಬಿಳಿಗೆರೆಯ ಕಿತ್ತಳೆ, ಕಿತ್ತಳೆ,
ಬಿಳಿಗೆರೆಯ ಹಸಿರು, ನೀಲಿ...
ಅಜ್ಜನ ಜೊತೆ ರಂಪಣಿ ಬಲೆಯ ಹರಕು ಹೊಲಿದ ಬೆರಳು ಇವು,
ನನಗೆ ಕೇಳದೆಯೇ ಜೋಡಿಸಿಬಿಟ್ಟವು.
ಹಸಿರು ದೀಪ ಮಿಟುಕಿತು.
ರಿಜಿಸ್ಟರಿನಲ್ಲಿ ನನ್ನದು ನಲವತ್ತೊಂದನೇ ಹೆಸರು, ಫೀಸು ಖಾಲಿ.

ಗೋಡೆಯ ನಕ್ಷೆಗೆ ದರ್ಜಿಯ ಗುಂಡುಸೂಜಿ ಏರತೊಡಗಿತು.
ಸಲ್ಮಿಯಾ, ದೋಹಾ, ಮಸ್ಕತ್ತಿನ ರೂವಿ.
ಮೇಡಮ್ಮಿನ ಸಂಗಡ ರಜೆಗೆ ಹೋದ ಹೆರ್ಮಿನಿಯಾ
ಮಿಲಾನಿನಿಂದ ಹಿಂದಿರುಗಲಿಲ್ಲ.
ಚರ್ಚಿನ ನೆಲಮನೆಯಲ್ಲಿ ಆರು ಕುರ್ಚಿ ಹಾಕಿದ್ದಾಳೆ ಎಂದು ಸುದ್ದಿ.
ಹೇಗೆ ಎಂದು ಯಾರೂ ಕೇಳಲಿಲ್ಲ. ಸೂಜಿ ಚುಚ್ಚಿದೆವು.

ಈಗ ಸೀಫಿನಲ್ಲಿ ಗಾಜಿನ ಗೋಪುರ, ಹನ್ನೊಂದನೇ ಮಹಡಿ.
ಪುಸ್ತಿಕೆಯಲ್ಲಿ ಎಲ್ಲ ಇದೆ, ಇಪ್ಪತ್ತಾರು ಊರು,
ಟೊಪ್ಪಿ ಹಾರಿಸುವ ಮಕ್ಕಳು, ಅತ್ತೆಯ ಟೈಪ್‌ರೈಟರಿನ ಚಿತ್ರ.
ಬಾಲ್ದಿ ಇಲ್ಲ.
ಫೀಸು ಏರಿತು, ಶುಕ್ರವಾರದ ಕೆಲವರು ಕಾಣೆಯಾದರು.
ಈ ಕೋಣೆ ಮಾತ್ರ ಬಿಡುವುದಿಲ್ಲ ಎಂದು
ಟೀಚರು ಯಾರೊಡನೆಯೋ ಫೋನಿನಲ್ಲಿ ಜಗಳವಾಡಿದ್ದು
ಮೆಟ್ಟಿಲವರೆಗೆ ಕೇಳುತ್ತಿತ್ತು.

ನಿನ್ನೆ ಅವರು ನೈರೋಬಿಗೆ ಹೊರಟರು, ಹೊಸ ಸೂಜಿ.
ತಮ್ಮ ಬಳಿಯ ಕೀಲಿಯನ್ನೂ ನನ್ನ ಅಂಗೈಗಿಟ್ಟರು.
ಪೆಟ್ಟಿಗೆ ಹೊತ್ತು ಇಳಿಸಿದೆ, ಲಿಫ್ಟು ಈಗಲೂ ಹಾಗೇ.
ಅವರು ಬಾಯಿ ತೆರೆಯುವ ಮೊದಲು ನಾನೇ ಅಂದೆ,
ಸಲಾಮತ್ ಪೋ, ಟೀಚರೇ.
ಯಾವ ಭಾಷೆಯಲ್ಲಿ ಎಂದು ಅವರು ಕೇಳಲಿಲ್ಲ.
ಟ್ಯಾಕ್ಸಿ ಲಾಂಡ್ರಿಯ ಮೂಲೆಯಲ್ಲಿ ತಿರುಗಿತು.

ಮೇಲೆ ಬಾಲ್ದಿ ತುಂಬಿರಬೇಕು.