ಹರಿತ

ಪಂಚಾಯತಿನವರು ಕೊಟ್ಟ ಹಸಿರು ಕೋಟಿನ ಬೆನ್ನಿಗೆ
ಮಲಯಾಳದಲ್ಲಿ ಒಂದು ಹೆಸರು.
ಅದರ ಕೆಳಗೆ, ನಮ್ಮ ಕಡೆಯವರಿಗೆಂದು,
ಅದೇ ಹೆಸರು ಕನ್ನಡದ ಅಕ್ಷರ ತೊಟ್ಟು:
ಹರಿತ ಕರ್ಮ ಸೇನೆ.

ಮೊದಲ ದಿನವೇ ಕೆಳಗಿನಮನೆ ದೇವಕಿಯಕ್ಕ
ಓದಿ ನಕ್ಕರು, ಹೊಸಿಲಲ್ಲೇ ಕೂತು:
"ಬಂತು ನೋಡಿ ಕರ್ಮ, ಅದೂ ಹರಿತದ್ದು!"
ಮಿಸ್ರಿಯಾಳಿಗೆ ತಿಳಿಯಲಿಲ್ಲ. ಅವಳ ಭಾಷೆಯಲ್ಲಿ
ಹರಿತ ಅಂದರೆ ಹಸಿರು, ಕರ್ಮ ಅಂದರೆ ಕೆಲಸ.
ನನ್ನದರಲ್ಲಿ
ಒಂದು ಕತ್ತಿಗಿರುವುದು, ಇನ್ನೊಂದು ಹಣೆಗೆ.
ಹೇಳಿದೆ. ಅವಳೂ ನಕ್ಕಳು, ಚೀಲ ನೆಲಕ್ಕಿಟ್ಟು.

ಏಳನೇ ವಾರ್ಡು, ನೂರ ಎಂಬತ್ತಾರು ಮನೆ.
ಮುರಕಲ್ಲಿನ ಗುಡ್ಡೆ ಹತ್ತಿದರೆ ಒಂದು,
ಇಳಿದು ತೋಡು ದಾಟಿ ಮತ್ತೆ ಹತ್ತಿದರೆ ಒಂದು.
ದಾರಂದಕ್ಕೆ ಅಂಟಿಸಿದ ಕಪ್ಪು ಚೌಕದ ಸ್ಟಿಕ್ಕರು,
ಫೋನು ಹಿಡಿದರೆ ಮನೆ ಟಣ್ ಎನ್ನುತ್ತದೆ.
ನೆಟ್‌ವರ್ಕು ಇಲ್ಲದಲ್ಲಿ ಬಾವಿಕಟ್ಟೆ ಹತ್ತಿ
ಕೈಯೆತ್ತಿ ನಿಲ್ಲಬೇಕು, ಹರಕೆ ಹೊತ್ತವರ ಹಾಗೆ.
ತಿಂಗಳಿಗೆ ಐವತ್ತು ರುಪಾಯಿ.
"ಕಸವೂ ನಮ್ಮದು, ದುಡ್ಡೂ ನಮ್ಮದಾ?"
ಅನ್ನದವರು ಕಡಿಮೆ.

ಕಸಕ್ಕೆ ಗುಟ್ಟು ಇಟ್ಟುಕೊಳ್ಳಲು ಬರುವುದಿಲ್ಲ.
ಯಾರ ಮನೆಯಲ್ಲಿ ಸಕ್ಕರೆ ಮಾತ್ರೆಯ ಪಟ್ಟಿ ಎರಡು ಹೆಚ್ಚಾಯಿತು,
ಯಾರು ಸೊಸೆಗೆ ತಿಳಿಯದಂತೆ ಬಿಳಿಯಾಗುವ ಕ್ರೀಮು ಹಚ್ಚುತ್ತಾರೆ,
ಗಲ್ಫಿನಿಂದ ಯಾರ ಪೆಟ್ಟಿಗೆ ಬಂತು,
ಯಾರದು ಈ ಪೆರ್ನಾಳಿಗೂ ಬರಲಿಲ್ಲ,
ನಮ್ಮಿಬ್ಬರಿಗೆ ಗೊತ್ತು. ಹೇಳುವುದಿಲ್ಲ.
ಚೀಲದ ಬಾಯಿ ಕಟ್ಟಿದರೆ ನಮ್ಮದೂ ಕಟ್ಟಿದ ಹಾಗೆ.

ಶ್ಯಾಮ ಮಾಷ್ಟ್ರು ಮಾತ್ರ ಹನ್ನೊಂದು ತಿಂಗಳು
ಕಸವೂ ಕೊಡಲಿಲ್ಲ, ದುಡ್ಡೂ ಕೊಡಲಿಲ್ಲ.
ಸಂಜೆ ಹಿತ್ತಿಲಲ್ಲಿ ಬೆಂಕಿ ಹಾಕುತ್ತಿದ್ದರು.
ಹಾಲಿನ ಕವರು ಸುಟ್ಟ ವಾಸನೆ
ಅವರು ಪಾಠ ಮಾಡಿದ ಶಾಲೆಯ ತನಕ.
"ರಶೀದಿ ಕನ್ನಡದಲ್ಲಿ ಕೊಡು, ಕೊಡುತ್ತೇನೆ.
ಮತ್ತೆ ಇದು ಎಂತದು ನಿನ್ನ ಬೆನ್ನಲ್ಲಿ?
ಹರಿತ ಅಂದರೆ ಚೂಪು. ಕತ್ತಿ ಹರಿತ, ನಾಲಗೆ ಹರಿತ.
ಹಸಿರು ಎಲ್ಲಿಂದ ಬಂತು?"

ನಾಲ್ಕನೇ ಕ್ಲಾಸಿನಲ್ಲಿ ನನ್ನ ಒತ್ತಕ್ಷರ ತಿದ್ದಿದವರು.
ಎದುರಾಡಿ ಗೊತ್ತಿಲ್ಲ.
ಕೈಗವಸು ಕಳಚಿ ಅಂಗೈ ಚಾಚಿದೆ:
ಇದು ಟ್ಯೂಬ್‌ಲೈಟು ಕೊಯ್ದದ್ದು,
ಇದು ಡಬ್ಬದ ಮುಚ್ಚಳ,
ಇದು ಯಾರೋ ಕಾಗದ ಸುತ್ತದೆ ಹಾಕಿದ ಬ್ಲೇಡು.
"ಸರಿಯಾಗಿಯೇ ಬರೆದಿದ್ದಾರೆ, ಮಾಷ್ಟ್ರೇ."

ಅವರು ಕನ್ನಡಕ ಹುಡುಕಿದರು. ಅದು ಮೂಗಿನ ಮೇಲೇ ಇತ್ತು.

ರಶೀದಿಯ ಹಿಂಬದಿಗೆ, ಅವರ ಜಗಲಿಯಲ್ಲೇ ಕೂತು,
ಬರೆದೆ: ಪ್ಲಾಷ್ಟಿಕ್ ಒಂದು ಚೀಲ. ಐವತ್ತು ರುಪಾಯಿ ಸಂದಿದೆ.
ಒಳಗಿಂದ ಕೆಂಪು ಪೆನ್ನು ತಂದು
'ಷ್ಟಿ'ಯನ್ನು 'ಸ್ಟಿ' ಮಾಡಿ ಒಂದು ನೋಟು ಕೊಟ್ಟರು.
"ಹಳೆಯ ಬಾಕಿ ಕೇಳಬೇಡ."
ಕೇಳಲಿಲ್ಲ.

ಮೊನ್ನೆ ಕಾಸರಗೋಡಿನಿಂದ ಬಂದವರು
ಫೋಟೋಕ್ಕೆ ನಿಲ್ಲಿಸಿ ಕೇಳಿದರು, ಊರು ಹೇಗಾಯಿತು ಅಂತ.
ಮೆಂಬರು ಮುಂದೆ ಬಂದು ಚೆಂದವಾಗಿ ಹೇಳಿದರು.
ನನ್ನ ಲೆಕ್ಕ ಬೇರೆ:
ಶೆಡ್ಡು ತುಂಬಿದೆ, ಲಾರಿ ಬಂದು ಇಪ್ಪತ್ತು ದಿನ.
ಪಾದೆಯ ಮೇಲಿನ ಪಳ್ಳದಲ್ಲಿ ಈ ಮಳೆಗಾಲ
ಡಯಾಪರು ತೇಲಲಿಲ್ಲ.
ಇಲ್ಲ, ಎರಡು ತೇಲಿತ್ತು. ಕೋಲಿನಲ್ಲಿ ಎಳೆದೆವು.
ಮಾಷ್ಟ್ರ ಹಗ್ಗದಲ್ಲಿ, ಪಂಚೆಯ ಪಕ್ಕ,
ತೊಳೆದ ಹಾಲಿನ ಕವರು ನಾಲ್ಕು
ಕ್ಲಿಪ್ಪು ಕಚ್ಚಿ ಪಟಪಟ ಅನ್ನುತ್ತಿವೆ.

ಗುಡ್ಡೆ ಹತ್ತುವಾಗ ನಾನು ಮುಂದೆ, ಮಿಸ್ರಿಯಾ ಹಿಂದೆ.
ನನಗೆ ಕಾಣದ ನನ್ನ ಬೆನ್ನನ್ನು
ಅವಳು ಓದಲು ಕಲಿಯುತ್ತಿದ್ದಾಳೆ:
ಹ. ರಿ. ತ.
ಅಲ್ಲಿಯವರೆಗೆ ಸರಾಗ.
ಮುಂದಿನದ್ದು, ಕಲ್ಲಿಗೆ ಕಾಲು ತಾಗಿದಾಗ,
ಓದದೆಯೇ ಬಾಯಿಗೆ ಬರುತ್ತದೆ,
ನಮ್ಮ ಅರ್ಥದಲ್ಲಿ.