ನೆಂಟರಲ್ಲದವರ ಸಹಿ

ಓಸ್ಲಾ ಇಸ್ಬಿಸ್ಟರ್ ತನ್ನ ಐದನೆಯ ಪಾಸ್‌ಪೋರ್ಟಿಗೆ ಬಂದಿದ್ದಾಳೆ.
ಮೊದಲ ನಾಲ್ಕರಲ್ಲಿ ಒಂದು ಮುದ್ರೆಯೂ ಬಿದ್ದಿಲ್ಲ.
ಯಾಕೆಂದು ನಾನು ಕೇಳಿಲ್ಲ.
ಮೂವತ್ತೊಂದು ವರ್ಷದಿಂದ ಈ ಕಿಟಕಿಯ ಹಿಂದೆ ಕೂತವಳು ನಾನು,
ಅಂಟಿಸಿದ ಲಕೋಟೆಯನ್ನು ಆವಿಗೆ ಹಿಡಿಯುವ ಚಾಳಿ ನನಗಿಲ್ಲ.

ಅಂಚೆ ಕಚೇರಿ ಎಂದರೆ ನಮ್ಮ ಮನೆಯ ಮುಂದಿನ ಕೋಣೆ.
ಒಂದು ಪಕ್ಕ ಅಂಚೆಚೀಟಿ, ಇನ್ನೊಂದು ಪಕ್ಕ ಕೋಳಿಕಾಳು, ಬ್ಯಾಟರಿ, ಬಿಸ್ಕತ್ತು.
ಫ್ರೀಜರಿನ ಗಾಜಿಗೆ ತಿಳಿಬೂದು ದುಪ್ಪಟಿ ಇಳಿಬಿಟ್ಟು
ಅವಳನ್ನು ನಿಲ್ಲಿಸಿದೆ.
ನಗಬೇಡ, ಎಂದೆ.
ನಾನು ಯಾವಾಗ ನಕ್ಕಿದ್ದೇನೆ, ಎಂದು ನಕ್ಕಳು.
ಮೂರು ಸಲ ಹೀಗೇ ಆಯಿತು.
ನಾಲ್ಕನೆಯ ಸಲ ಗಾಳಿ ದುಪ್ಪಟಿ ಎತ್ತಿತು,
ಅವಳ ಕಿವಿಯ ಹಿಂದೆ ಬಟಾಣಿಯ ಪೊಟ್ಟಣ.

ಹಳೆಯ ಪಟದ ಪಕ್ಕ ಹೊಸದನ್ನಿಟ್ಟು ನೋಡಿದೆವು.
ಹತ್ತು ವರ್ಷದಲ್ಲಿ ಗಾಳಿ ತನ್ನ ಕೆಲಸ ಮಾಡಿದೆ,
ಆಮೇಲೆ ಆಸ್ಪತ್ರೆ, ಆ ಒಂದು ಚಳಿಗಾಲ.
ಕೂದಲು ಹೋಗಿ ಬೇರೆ ಕೂದಲು ಬಂದಿದೆ.
ಮುಖ ಇಷ್ಟು ಬದಲಾದರೆ, ಎನ್ನುತ್ತದೆ ನಿಯಮ,
ಇದು ಅವಳೇ ಎಂದು ಇನ್ನೊಬ್ಬರು ಹೇಳಬೇಕು.
ಸ್ಥಾನಮಾನ ಇದ್ದವರು.
ಎರಡು ವರ್ಷದಿಂದ ಬಲ್ಲವರು.
ರಕ್ತದಿಂದಾಗಲಿ ಮದುವೆಯಿಂದಾಗಲಿ ನೆಂಟರಲ್ಲದವರು.

ಅಲ್ಲಿಗೆ ಬಂತು ನೋಡಿ.

ಶೆಟ್‌ಲ್ಯಾಂಡಿನ ನಕ್ಷೆಯಲ್ಲೂ ನಮ್ಮ ದ್ವೀಪ ಒಂದು ಶಾಯಿಯ ಹನಿ,
ಇರುವವರು ಅರವತ್ತಮೂರು ಜನ.
ನಾನೇ ಹಾಕಬಹುದಿತ್ತು ಸಹಿ, ಆದರೆ ನಾನು ಅವಳ ಓರಗಿತ್ತಿ.
ಶಾಲೆಯ ಮ್ಯಾಗ್ನಿ ಮೇಷ್ಟ್ರು ಅವಳ ಸೋದರತ್ತೆಯ ಮೊಮ್ಮಗ.
ಪಾದ್ರಿ ಬರುವುದು ತಿಂಗಳಿಗೊಮ್ಮೆ ದೋಣಿಯಲ್ಲಿ; ಅವರೂ ಬೀಗರ ಕಡೆ.
ಬಂದರಿನ ಗಿಬ್ಬಿ ಹದಿನಾಲ್ಕು ವರ್ಷದಿಂದ ಅವಳ ಜೊತೆ ಮಾತು ಬಿಟ್ಟಿದ್ದಾನೆ,
ಆದರೆ ಮಾತು ಬಿಟ್ಟ ಮಾತ್ರಕ್ಕೆ ದಾಯಾದಿತನ ಬಿಡುತ್ತದೆಯೇ.

ಉಳಿದವಳು ಒಬ್ಬಳೇ: ಕುರಿಗಳ ಡಾಕ್ಟರು, ನೆರಿಸ್.
ವೇಲ್ಸ್ ಕಡೆಯವಳು. ದಡಕ್ಕೆ ಕಾಲಿಟ್ಟದ್ದೇ ವಾಂತಿ ಮಾಡಿಕೊಂಡವಳು.
ಅದು ಯಾವತ್ತು?
ದಫ್ತರು ತೆಗೆದೆ. ಅದೇ ದೋಣಿಯಲ್ಲಿ ಅವಳ ಹೆಸರಿಗೊಂದು ಪಾರ್ಸೆಲು,
ಏಪ್ರಿಲ್ ಹತ್ತೊಂಬತ್ತು.
ಎರಡು ವರ್ಷಕ್ಕೆ ಇನ್ನೂ ಆರು ದಿನ ಕಡಿಮೆ.
ಸಮುದ್ರ ದಾಟಿ ಬಂದು ಎಣಿಸುವವರು ಯಾರೂ ಇಲ್ಲ;
ಆದರೂ ಕಾದೆವು.
ಓಸ್ಲಾ ಆ ಆರು ದಿನದಲ್ಲಿ ಒಂದು ಕೈಗವಸು ಹೆಣೆದು ಮುಗಿಸಿ
ಅದನ್ನೇ ಬಿಚ್ಚಿದಳು.

ಗುರುವಾರ ಬಂದಳು ನೆರಿಸ್, ತೋಳಿಗೆ ಇನ್ನೂ ಅಯೋಡಿನ್ ವಾಸನೆ.
ಪಟ ತಿರುಗಿಸದೆ ಬಹಳ ಹೊತ್ತು ನೋಡಿದಳು.
ನಾನು ಬಂದ ರಾತ್ರಿಯೇ ಕರೆಸಿದ್ದೆ ನೀನು, ಎಂದಳು,
ಮೂರು ಗಂಟೆ, ಟಾರ್ಚು ನಿನ್ನ ಹಲ್ಲಿನಲ್ಲಿ, ನನ್ನ ಕೈ ಕುರಿಯೊಳಗೆ.
ಮುಖ ನೋಡಿದ ನೆನಪಿಲ್ಲ. ಬೈಗುಳ ನೆನಪಿದೆ.
ಹಾಗಾದರೆ ಅದನ್ನೇ ಬರಿ, ಅಂದಳು ಓಸ್ಲಾ.

ಬರೆದದ್ದು ನಿಯಮದಲ್ಲಿ ಇದ್ದಷ್ಟೇ:
ಇದು ಓಸ್ಲಾ ಇಸ್ಬಿಸ್ಟರಳ ನಿಜವಾದ ಹೋಲಿಕೆ.
ಬೆನ್ನ ಮೇಲೆ ಒತ್ತಿದ ಪೆನ್ನು ಮುಂದೆ ಹಣೆಯಲ್ಲಿ ಮೂಡಿತು.
ಇನ್ನೊಂದು ಸುಕ್ಕು ಎಂದುಕೊಳ್ಳಲಿ ಎಂದು ಹಾಗೇ ಕಳಿಸಿದೆ.

ಹೊಸ ಪುಸ್ತಕ ಬಂತು ತಿಂಗಳೊಳಗೆ.
ಖಾಲಿ ಹಾಳೆಗಳನ್ನು ಒಮ್ಮೆ ಮೂಸಿ
ಕೋಳಿಕಾಳಿನ ಚೀಲದಲ್ಲಿಟ್ಟುಕೊಂಡು ಹೋದಳು.
ಅವಳು ಹೋದ ಮೇಲೆ ನೋಡಿದೆ,
ಮೊಳೆಗೆ ಸಿಕ್ಕಿಸಿದ್ದ ದೋಣಿ ವೇಳಾಪಟ್ಟಿಯಲ್ಲಿ ಒಂದು ಪ್ರತಿ ಕಡಿಮೆ.
ಈ ಸಲವೂ ಕೇಳಲಿಲ್ಲ.

ಈಗ ಹೊಸ ತಲೆನೋವು.
ನನ್ನ ಅಣ್ಣನ ಮಗ ಎರ್ಲೆಂಡ್, ಒಂದು ಕುರಿಯೂ ಇಲ್ಲದವನು,
ವಾರಕ್ಕೆರಡು ಸಲ ಕುರಿ ಡಾಕ್ಟರ ಮನೆಗೆ ಹೋಗುತ್ತಾನೆ.
ಮೊನ್ನೆ ಅವಳ ಅಂಗಳದ ತಂತಿಯಲ್ಲಿ ಅವನ ಅಂಗಿ ಒಣಗುತ್ತಿತ್ತು.
ನನಗೆ ಸಂತೋಷವೇ, ಹುಡುಗಿ ಗಟ್ಟಿಗಿತ್ತಿ.
ಆದರೆ ಬೆರಳಿಗೆ ಒಂದು ಉಂಗುರ ಬಿತ್ತೆಂದರೆ
ದ್ವೀಪ ಪೂರ್ತಿ ಅವಳಿಗೆ ಅತ್ತೆ, ಮಾವ, ನಾದಿನಿ, ಮೈದುನ.
ಹೊರಗಿನವಳು ಎಂದು ನಮಗಿದ್ದವಳು ಒಬ್ಬಳು,
ಅವಳೂ ಕೈಬಿಟ್ಟಂತೆ.

ಬಾಗಿಲಿಗೆ ಚೀಟಿ ಅಂಟಿಸಿದ್ದೇನೆ:
ಮುಖ ಬದಲಾಗಿದೆ ಎಂಬ ಅನುಮಾನ ಇದ್ದವರು
ಉಣ್ಣೆ ಕತ್ತರಿಸುವುದರೊಳಗೆ ಬರತಕ್ಕದ್ದು.
ದುಪ್ಪಟಿ ಒಗೆದಿಟ್ಟಿದೆ.